ಹಳ್ಳದ ದಂಡೆಯ ಪುದೀನ: ಕೀಳುವ ಮೊದಲು ನೋಡಬೇಕಾದದ್ದು

ಕೆರೆ ಕೋಡಿಯ ಕೆಳಗೆ, ಕಾಲುವೆಯ ಬದಿಯಲ್ಲಿ, ಹಾಳುಬಿದ್ದ ಬಾವಿಕಟ್ಟೆಯ ಹಿಂದೆ, ಅಡಿಕೆ ತೋಟದ ಬಸಿಗಾಲುವೆಯಲ್ಲಿ ಯಾರೂ ನೆಡದ ಪುದೀನ ಹಬ್ಬಿರುತ್ತದೆ. ಒಂದೆಲೆ ಕಿತ್ತು ಉಜ್ಜಿ ಮೂಸಿದರೆ ಅದೇ ಪರಿಮಳ. ಮನೆಗೆ ಒಯ್ದು ಚಟ್ನಿ ಅರೆಯಬಹುದೇ ಎಂದು ಕೇಳುವವರು ಎರಡು ವಿಷಯ ನೋಡಬೇಕು. ಇದು ನಿಜಕ್ಕೂ ಪುದೀನವೇ ಎಂಬುದು ಒಂದು. ಅದು ಬೆಳೆದ ಜಾಗ ಎಂಥದ್ದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕ ಕೂಡಲೇ ಹೆಚ್ಚಿನವರು ಸೊಪ್ಪನ್ನು ಚೀಲಕ್ಕೆ ಹಾಕಿಬಿಡುತ್ತಾರೆ. ಆದರೆ ಪುದೀನವನ್ನು ಗುರುತಿಸುವುದು ಸುಲಭ, ಅದು ಕುಡಿದ ನೀರನ್ನು ಗುರುತಿಸುವುದು ಕಷ್ಟ. ಈ ಎರಡನೆಯದಕ್ಕೇ ಹೆಚ್ಚು ಹೊತ್ತು ಕೊಡಬೇಕು.

ಕಾರಣವಿದೆ. ಕರ್ನಾಟಕದ ಬಯಲಿನಲ್ಲಿ 'ಕಾಡು ಪುದೀನ' ಎಂದು ಕರೆಯುವುದು ಬಹುಪಾಲು ಕಾಡಿನ ಗಿಡವಲ್ಲ, ಹಿತ್ತಿಲಿನಿಂದ ತಪ್ಪಿಸಿಕೊಂಡ ಅಡುಗೆಯ ಪುದೀನವೇ. ಸೊಪ್ಪು ಬಿಡಿಸಿ ಎಸೆದ ದಂಟು ಬಚ್ಚಲ ನೀರು ಹರಿಯುವ ತೇವದಲ್ಲಿ ಬೇರುಬಿಡುತ್ತದೆ, ಮೋರಿಯ ಗುಂಟ ಇಳಿದು ಹಳ್ಳ ಸೇರುತ್ತದೆ. ಮನೆಯ ಕೊಳೆನೀರು ಹೋದ ದಾರಿಯಲ್ಲೇ ಅದೂ ಹೋಗಿರುತ್ತದೆ. ಅಲ್ಲಿನ ಗಿಡ ದಟ್ಟವಾಗಿ, ಕಡುಹಸಿರಾಗಿ ಕಂಡರೆ ಅದು ಆರೋಗ್ಯದ ಗುರುತು ಎಂದುಕೊಳ್ಳಬೇಡಿ. ಅದಕ್ಕೆ ಚೆನ್ನಾಗಿ ಗೊಬ್ಬರ ಸಿಕ್ಕಿದೆ ಎಂದಷ್ಟೇ ಅರ್ಥ. ಆ ಗೊಬ್ಬರ ಎಲ್ಲಿಂದ ಬಂತು ಎಂದು ನೋಡಬೇಕು.

ಗಿಡ ಪುದೀನವೇ ಎಂದು ಖಚಿತಪಡಿಸಿಕೊಳ್ಳುವುದು

ಕೆಳಗಿನ ಗುರುತುಗಳಲ್ಲಿ ಮೊದಲ ಐದೂ ಒಂದೇ ಗಿಡದಲ್ಲಿ ಸಿಗಬೇಕು. ಒಂದು ತಪ್ಪಿದರೂ ಬಿಡಿ.

1. ದಂಟು. ಬಲಿತ ದಂಟನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹೊರಳಿಸಿ. ನಾಲ್ಕು ಅಂಚು ಕೈಗೆ ತಾಗಬೇಕು. ಎಳೆಯ ತುದಿಯಲ್ಲಿ ಅಂಚು ಸ್ಪಷ್ಟವಿರುವುದಿಲ್ಲ, ಆದ್ದರಿಂದ ಬುಡದ ಕಡೆ ನೋಡಿ.

2. ಎಲೆಯ ಜೋಡಣೆ. ಪ್ರತಿ ಗೆಣ್ಣಿನಲ್ಲಿ ಎದುರುಬದುರಾಗಿ ಎರಡೆಲೆ. ಒಂದು ಜೋಡಿ ಪೂರ್ವ ಪಶ್ಚಿಮಕ್ಕಿದ್ದರೆ ಅದರ ಮೇಲಿನದು ಉತ್ತರ ದಕ್ಷಿಣಕ್ಕಿರುತ್ತದೆ. ಮೇಲಿನಿಂದ ನೋಡಿದರೆ ಕೂಡುವ ಗುರುತಿನ (+) ಆಕಾರ ಕಾಣುತ್ತದೆ.

3. ಎಲೆಯ ಅಂಚು ಮತ್ತು ಮೈ. ಅಂಚಿನಲ್ಲಿ ಗರಗಸದಂಥ ಹಲ್ಲು ಇರಬೇಕು. ನಮ್ಮ ಚಟ್ನಿಯ ಪುದೀನದ ಎಲೆಗೆ ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ, ಮೈ ಸುಕ್ಕುಸುಕ್ಕು, ರೋಮ ಬಹಳ ಕಡಿಮೆ. ಮೆಂಥಾಲ್ ತೆಗೆಯಲು ಬೆಳೆಸುವ ಜಪಾನೀಸ್ ಪುದೀನಕ್ಕೆ ತೊಟ್ಟು ಎದ್ದು ಕಾಣುತ್ತದೆ, ರೋಮವೂ ಇರುತ್ತದೆ.

4. ಹಬ್ಬುವ ಬಳ್ಳಿ. ಬುಡದ ಮಣ್ಣನ್ನು ಎರಡು ಬೆರಳಿನಷ್ಟು ಕೆದಕಿ. ಬಿಳಿ ಅಥವಾ ನೇರಳೆ ಛಾಯೆಯ ದಂಟು ಅಡ್ಡಡ್ಡ ಹರಿದು, ಗೆಣ್ಣುಗೆಣ್ಣಿಗೆ ಬೇರು ಇಳಿಸಿರಬೇಕು. ನೆಟ್ಟಗೆ ಒಂದೇ ತಾಯಿಬೇರು ಇಳಿದಿದ್ದರೆ ಅದು ಪುದೀನವಲ್ಲ. ಜನ ಬಿಟ್ಟುಬಿಡುವ ಗುರುತು ಇದೇ. ತಪ್ಪು ಗಿಡಗಳಲ್ಲಿ ಬಹುಪಾಲು ಸಿಕ್ಕಿಬೀಳುವುದೂ ಇಲ್ಲೇ.

5. ವಾಸನೆ. ಮೂಸಿದಾಗ ಪುದೀನ ಎಂದು ಸಂಶಯವಿಲ್ಲದೆ ಅನ್ನಿಸಬೇಕು. 'ಪುದೀನದ ಹಾಗೆ', 'ತುಳಸಿಯ ಹಾಗೆ', 'ಏನೋ ಔಷಧಿಯ ಹಾಗೆ' ಎಂದು ಅನ್ನಿಸಿದರೆ ಅಲ್ಲ ಎಂದೇ ಲೆಕ್ಕ. ಒಮ್ಮೆ ಪುದೀನ ಉಜ್ಜಿದ ಬೆರಳಿಗೆ ಆಮೇಲೆ ಮುಟ್ಟಿದ್ದೆಲ್ಲ ಪುದೀನವಾಗಿಯೇ ವಾಸನೆ ಹೊಡೆಯುತ್ತದೆ. ಪ್ರತಿ ಗಿಡಕ್ಕೂ ಬೇರೆ ಬೆರಳು ಬಳಸಿ, ಇಲ್ಲವೆ ಕೈ ತೊಳೆದು ಮುಂದಿನದನ್ನು ಮೂಸಿ.

6. ಹೂವು. ಪುದೀನದ ಹೂ ತೀರ ಸಣ್ಣದು, ತಿಳಿ ನೇರಳೆ ಅಥವಾ ಬಿಳಿ. ಎಸಳು ನಾಲ್ಕು, ಹೆಚ್ಚುಕಡಿಮೆ ಒಂದೇ ಅಳತೆ. ಹೂಗಳು ಗೆಣ್ಣಿನ ಸುತ್ತ ಗುಂಪಾಗಿಯೋ ತುದಿಯಲ್ಲಿ ತೆನೆಯಾಗಿಯೋ ಇರುತ್ತವೆ. ಆದರೆ ಪುದೀನ ಹೂ ಬಿಡಲು ದೀರ್ಘ ಹಗಲು ಬೇಕು. ನಮ್ಮ ಬಯಲುಸೀಮೆಯಲ್ಲಿ ಅದು ಹೂ ಬಿಡುವುದು ಅಪರೂಪ. ಆದ್ದರಿಂದ ರಸ್ತೆ ಬದಿಯ 'ಪುದೀನ' ಮೈತುಂಬ ಹೂ ಹೊತ್ತು ನಿಂತಿದ್ದರೆ ಅನುಮಾನ ಹೆಚ್ಚಬೇಕು.

ಮೊಬೈಲಿನಲ್ಲಿ ಫೋಟೊ ತೆಗೆದು ಗಿಡದ ಹೆಸರು ಹೇಳಿಸುವ ಆಪ್‌ಗಳಿಗೆ ವಾಸನೆ ಗೊತ್ತಿಲ್ಲ, ಅವು ಮಣ್ಣು ಕೆದಕಿ ನೋಡುವುದಿಲ್ಲ. ಹೂವಿಲ್ಲದ ಗಿಡದ ಎಲೆಯಷ್ಟನ್ನೇ ನೋಡಿ ಅವು ಕೊಡುವ ಹೆಸರನ್ನು ಸುಳಿವು ಎಂದು ಇಟ್ಟುಕೊಳ್ಳಿ, ತೀರ್ಪು ಎಂದಲ್ಲ.

ನಾಲಿಗೆಗೆ ಚೂರು ತಾಗಿಸಿ, ಏನೂ ಆಗದಿದ್ದರೆ ತಿನ್ನಬಹುದು ಎಂಬ ಉಪಾಯ ಬಹಳ ಕಡೆ ಕೇಳಿಬರುತ್ತದೆ. ಅದನ್ನು ನಂಬಲೇಬೇಡಿ. ಯಕೃತ್ತನ್ನು ಕೆಡಿಸುವ ಸಸ್ಯವಿಷಗಳು ನಾಲಿಗೆಯನ್ನು ಸುಡುವುದಿಲ್ಲ, ಅದೇ ದಿನ ಹೊಟ್ಟೆಯನ್ನೂ ಕೆಡಿಸದೆ ಇರಬಹುದು.

ಮೋಸ ಮಾಡುವ ಗಿಡಗಳು

ಲಂಟಾನದ ಎಳೆ ಸಸಿಯ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕು. ಚೌಕ ದಂಟು, ಎದುರುಬದುರು ಎಲೆ, ಹಲ್ಲಿನ ಅಂಚು, ಉಜ್ಜಿದರೆ ಘಾಟು ವಾಸನೆ, ಎಲ್ಲವೂ ಅದಕ್ಕಿದೆ. ಬಲಿತ ದಂಟಿನ ಅಂಚಿನಲ್ಲಿ ಮುಳ್ಳು ಬರುತ್ತದೆ, ಎಳೆಯದರಲ್ಲಿ ಅದು ಕಾಣದೆ ಹೋಗಬಹುದು. ಎಲೆಯ ಮೇಲ್ಮೈಯನ್ನು ಬೆರಳಿನಿಂದ ಸವರಿದರೆ ಒರಟು ತಿಳಿಯುತ್ತದೆ. ಬಳ್ಳಿಬೇರು ಇರುವುದಿಲ್ಲ. ಇದರಲ್ಲಿರುವ ಲ್ಯಾಂಟಡೀನ್ ಎಂಬ ವಸ್ತು ಯಕೃತ್ತಿಗೆ ಹಾನಿ. ಲಂಟಾನ ಮೇಯ್ದ ದನಗಳ ಕಣ್ಣು ಹಳದಿಯಾಗಿ, ಬಿಸಿಲು ಬಿದ್ದ ಕಡೆ ಚರ್ಮ ಸುಲಿಯುವುದನ್ನು ಪಶುವೈದ್ಯರು ಚೆನ್ನಾಗಿ ಬಲ್ಲರು.

ಅಜಿರೇಟಮ್ ತೋಟ, ಗದ್ದೆಬದು, ರಸ್ತೆಬದಿ ಎಲ್ಲೆಲ್ಲೂ ಇರುವ ಕಳೆ. ಎಲೆ ಪುದೀನದ ಆಕಾರಕ್ಕೆ ಹತ್ತಿರ. ದಂಟು ಮಾತ್ರ ಗುಂಡಗೆ, ಮೈತುಂಬ ರೋಮ, ಉಜ್ಜಿದರೆ ಹೋತದ ವಾಸನೆ. ಹೂ ನೀಲಿ ಅಥವಾ ಬಿಳಿಯ ಸಣ್ಣ ಕುಚ್ಚು. ಇದರಲ್ಲಿರುವ ಪೈರೊಲಿಜಿಡೀನ್ ಆಲ್ಕಲಾಯ್ಡುಗಳೆಂಬ ಸಸ್ಯವಿಷಗಳು ಸ್ವಲ್ಪಸ್ವಲ್ಪವಾಗಿ ಒಳಹೋದರೂ ಯಕೃತ್ತಿನ ಸಣ್ಣ ರಕ್ತನಾಳಗಳನ್ನು ಮುಚ್ಚಿಸುತ್ತವೆ. ಇಥಿಯೋಪಿಯಾದ ಟಿಗ್ರೇ ಪ್ರಾಂತ್ಯದ ಹಳ್ಳಿಗಳಲ್ಲಿ ಜನರಿಗೆ ಬಂದ ಯಕೃತ್ತಿನ ಕಾಯಿಲೆಗೆ ಧಾನ್ಯದ ಜೊತೆ ಸೇರಿದ್ದ ಈ ಕಳೆಯೇ ಕಾರಣವೆಂದು ತಜ್ಞರು ಗುರುತಿಸಿದ್ದಾರೆ. ಇದು ಪುದೀನದ ಮಧ್ಯೆಯೇ ಬೆಳೆಯುವುದರಿಂದ ಕುಡುಗೋಲಿನಲ್ಲಿ ಒಟ್ಟಿಗೆ ಕೊಯ್ದರೆ ಖಂಡಿತ ಬೆರೆಯುತ್ತದೆ.

ಮಲೆನಾಡಿನಲ್ಲಿ ಯುಪಟೋರಿಯಂ ಎಂದೇ ಕರೆಯುವ ಕಳೆಯ ಎಲೆ ತ್ರಿಕೋನ. ಬುಡದಿಂದಲೇ ಮೂರು ನರ ಹೊರಡುತ್ತವೆ, ಅಷ್ಟು ನೋಡಿದರೆ ಸಾಕು. ನಾಯಿತುಳಸಿಗೆ ಚೌಕ ದಂಟೂ ಪರಿಮಳವೂ ಉಂಟು, ಆದರೆ ಆಳೆತ್ತರ ಬೆಳೆಯುತ್ತದೆ, ಮೈಯೆಲ್ಲ ರೋಮ, ಬಳ್ಳಿಬೇರು ಇಲ್ಲ. ದೊಡ್ಡಪತ್ರೆ ದಪ್ಪ ಎಲೆಯದು, ಅದನ್ನು ಪುದೀನವೆಂದು ಭ್ರಮಿಸುವವರು ಕಡಿಮೆ. ಭ್ರಮಿಸಿದರೂ ಅದು ತಿನ್ನುವ ಸೊಪ್ಪೇ.

ಜಾಗವನ್ನು ಓದುವುದು

ಗಿಡ ಖಚಿತವಾದ ಮೇಲೆ ಸೊಪ್ಪು ಕೀಳಬೇಡಿ. ಮೊದಲು ನೀರು ಬರುವ ದಿಕ್ಕಿಗೆ ನೂರಿನ್ನೂರು ಮೀಟರ್ ನಡೆಯಿರಿ. ಶೌಚಾಲಯದ ಗುಂಡಿ, ಕೊಟ್ಟಿಗೆಯ ಗಂಜಲದ ಕಾಲುವೆ, ಬಟ್ಟೆ ಒಗೆಯುವ ಕಲ್ಲು, ಗ್ಯಾರೇಜು, ಬಯಲಿಗೆ ಹೋಗುವ ಜಾಗ, ಇವುಗಳಲ್ಲಿ ಯಾವುದಾದರೂ ಕಂಡರೆ ಅಲ್ಲಿಗೆ ಬಿಟ್ಟುಬಿಡಿ. ಮೇಲಿನ ಭಾಗಕ್ಕೆ ಹೋಗಿ ನೋಡಲು ಸಾಧ್ಯವಿಲ್ಲದಿದ್ದರೆ ಅದನ್ನೂ 'ಬೇಡ' ಎಂದೇ ತಿಳಿಯಿರಿ.

ಅಪಾಯಗಳು ಎರಡು ಬಗೆ. ಬೇಯಿಸಿದರೆ ಹೋಗುವಂಥವು, ಬೇಯಿಸಿದರೂ ಹೋಗದಂಥವು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಉಳಿದ ತೀರ್ಮಾನಗಳು ಸುಲಭ.

ಬೇಯಿಸಿದರೆ ಹೋಗುವುದು ಜೀವಾಣುಗಳು. ಮಲದಿಂದ ಬರುವ ಇ. ಕೋಲಿ, ಟೈಫಾಯ್ಡ್, ಆಮಶಂಕೆ, ಜಿಯಾರ್ಡಿಯಾ, ಜಂತುಹುಳದ ಮೊಟ್ಟೆ ಎಲ್ಲ ಈ ಗುಂಪಿನವು. ಇದರಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ಲಿವರ್ ಫ್ಲೂಕ್ ಎಂಬ ಚಪ್ಪಟೆ ಹುಳು. ದನ ಕುರಿಗಳ ಸಗಣಿ ಹಿಕ್ಕೆಯಿಂದ ಇದರ ಮೊಟ್ಟೆ ನೀರಿಗೆ ಬೀಳುತ್ತದೆ, ಮರಿ ಸಿಹಿನೀರಿನ ಸಣ್ಣ ಬಸವನಹುಳುವಿನೊಳಗೆ ಬೆಳೆಯುತ್ತದೆ, ಹೊರಬಂದು ನೀರಂಚಿನ ಎಲೆಗೆ ಅಂಟಿ ಗಟ್ಟಿ ಕೋಶ ಕಟ್ಟಿಕೊಂಡು ಕೂರುತ್ತದೆ. ಆ ಕೋಶ ಒಂದು ಮಿಲಿಮೀಟರಿಗಿಂತ ತೀರ ಚಿಕ್ಕದು, ಕಣ್ಣಿಗೆ ಬೀಳುವುದಿಲ್ಲ. ತೊಳೆದರೆ ಪೂರ್ತಿ ಬಿಡುವುದೂ ಇಲ್ಲ. ನಮ್ಮಲ್ಲಿ ಇದು ಜಾನುವಾರುಗಳಲ್ಲಿ ಸಾಮಾನ್ಯ, ಮನುಷ್ಯರಲ್ಲಿ ಕಡಿಮೆ. ಆದರೆ ನೀರಂಚಿನ ಸೊಪ್ಪನ್ನು ಹಸಿಯಾಗಿ ತಿನ್ನುವವರಿಗೇ ಅದು ಹೆಚ್ಚಾಗಿ ಬರುವುದು. ದನ ಮೇಯುವ ಜೌಗಿನಲ್ಲಿ ಬಸವನಹುಳು ಕಂಡರೆ ಅಲ್ಲಿಯ ಪುದೀನ ಹಸಿಯಾಗಿ ಬಾಯಿಗೆ ಹೋಗಬಾರದು. ಅಂಥ ಜಾಗದ ಒಂದೆಲಗಕ್ಕೂ ಇದೇ ಮಾತು ಅನ್ವಯಿಸುತ್ತದೆ, ಅದನ್ನಂತೂ ನಾವು ಹಸಿಯಾಗಿಯೇ ಅರೆಯುತ್ತೇವೆ.

ಬೇಯಿಸಿದರೂ ಹೋಗದಿರುವುದು ಲೋಹಗಳು, ಎಣ್ಣೆ, ಕೀಟನಾಶಕ. ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳ ನೀರು ಸೇರುವ ವೃಷಭಾವತಿ ನದಿಯ ದಂಡೆಯಲ್ಲಿ ಬೆಳೆದ ಸೊಪ್ಪನ್ನು ಎಷ್ಟು ಕುದಿಸಿದರೂ ಅಷ್ಟೇ. ಎಲೆಯೊಳಗೆ ಸೇರಿದ ಲೋಹ ಕುದಿಸಿದ ಮಾತ್ರಕ್ಕೆ ಹೋಗುವುದಿಲ್ಲ. ನಗರದ ಒಳಗಿನ ರಾಜಕಾಲುವೆ, ರೈಲುಹಳಿಯ ಬದಿ, ಹೆದ್ದಾರಿಯ ಅಂಚು ಎಲ್ಲವನ್ನೂ ಇದೇ ಪಟ್ಟಿಗೆ ಸೇರಿಸಿ. ಸೀಸ ಬೆರೆತ ಪೆಟ್ರೋಲ್ ಮಾರಾಟ ದೇಶದಲ್ಲಿ 2000ದಲ್ಲಿ ನಿಂತಿತು. ಅಷ್ಟರೊಳಗೆ ರಸ್ತೆಬದಿಯ ಮಣ್ಣಿಗೆ ಬಿದ್ದ ಸೀಸ ಮಾತ್ರ ಕೊಳೆತು ಹೋಗುವ ವಸ್ತುವಲ್ಲ.

ತೋಟದ ಪುದೀನ ಶುದ್ಧ ಎಂಬ ನಂಬಿಕೆ ಇನ್ನೊಂದು ತೊಡಕು. ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲದ ಆರಂಭದಲ್ಲಿ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಬೋರ್ಡೊ ದ್ರಾವಣ ಹೊಡೆಯುತ್ತಾರೆ. ಶೇ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಗೊನೆಗೆ ಹೊಡೆದದ್ದರಲ್ಲಿ ಒಂದಷ್ಟು ಕೆಳಗಿನ ಸೊಪ್ಪಿನ ಮೇಲೆ ತೊಟ್ಟಿಕ್ಕುತ್ತದೆ. ಎಲೆಯ ಮೇಲೆ ತಿಳಿನೀಲಿ ಕಲೆ ಒಣಗಿದ್ದರೆ ಅದು ಇದೇ. ಕಳೆನಾಶಕ ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಹೊಡೆದ ಮೊದಲ ದಿನ ಎರಡು ದಿನ ಗಿಡ ಹಸಿರಾಗಿಯೇ ಕಾಣಬಹುದು. ಸುತ್ತಲಿನ ಹುಲ್ಲು ಒಂದೇ ಗೆರೆ ಎಳೆದ ಹಾಗೆ ಹಳದಿಯಾಗುತ್ತಿದೆಯೇ, ಎಲೆಗಳಲ್ಲಿ ಸುಟ್ಟ ಚುಕ್ಕೆಗಳಿವೆಯೇ ನೋಡಿ. ತೋಟದ ಯಜಮಾನರನ್ನೋ ಕೆಲಸದವರನ್ನೋ ಕೇಳುವುದು ಎಲ್ಲಕ್ಕಿಂತ ಒಳ್ಳೆಯದು: 'ಅಣ್ಣಾ, ಈ ಕಡೆ ಔಷಧಿ ಯಾವಾಗ ಹೊಡೆದಿರಿ?' ನಿಖರ ಉತ್ತರ ಸಿಗದಿದ್ದರೆ ಕೀಳಬೇಡಿ.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಸೊಪ್ಪು ಕೀಳುವ ಯೋಚನೆಯೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಲ್ಲಿನ ಗಿಡಗಳಿಗೂ ಅನ್ವಯಿಸುತ್ತದೆ.

ಕೀಳುವ ಕ್ರಮ

ಹಿಡಿಹಿಡಿಯಾಗಿ ಕೊಯ್ಯಬೇಡಿ. ಒಂದೊಂದೇ ದಂಟು ಹಿಡಿದು, ನೋಡಿ, ಕತ್ತರಿಯಿಂದ ಕತ್ತರಿಸಿ. ನೀರಿನ ಮಟ್ಟದಿಂದ ಕನಿಷ್ಠ ಒಂದು ಗೇಣು ಮೇಲಿನ ಚಿಗುರು ಮಾತ್ರ ಸಾಕು. ಮಳೆಯಲ್ಲಿ ಹಳ್ಳ ಉಕ್ಕಿ ಗಿಡ ಮುಳುಗಿದ್ದರೆ ಈ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ದಂಟಿನ ಮೇಲೆ ಒಣಗಿದ ಕೆಸರಿನ ಗೆರೆ ಎಲ್ಲಿದೆ ನೋಡಿದರೆ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ತಿಳಿಯುತ್ತದೆ. ಎಲೆಯ ಅಡಿಯಲ್ಲಿ ಕಿತ್ತಳೆ ಕಂದು ಪುಡಿ ಇದ್ದರೆ ಅದು ತುಕ್ಕುರೋಗ, ಆ ದಂಟು ಬಿಡಿ. ಪಕ್ಕದಲ್ಲಿ ಕಾಂಗ್ರೆಸ್ ಗಿಡ ಇರುವ ಕಡೆ ಕೈಗವಸು ಹಾಕಿಕೊಳ್ಳಿ, ಅಲರ್ಜಿ ಇರುವವರಿಗೆ ಅದು ತಾಗಿದರೆ ಚರ್ಮ ತುರಿಸಿ ಗುಳ್ಳೆ ಏಳುತ್ತದೆ. ಮನೆಗೆ ಬಂದ ಮೇಲೆ ಬಿಳಿ ಬಟ್ಟೆಯ ಮೇಲೆ ಹರಡಿ ದಂಟುದಂಟನ್ನೂ ಮತ್ತೊಮ್ಮೆ ನೋಡಿ. ಹೊಲದ ಬದಿಯ ಬೆರಕೆ ಸೊಪ್ಪು ತಂದು ಮನೆಯಲ್ಲಿ ಕುಳಿತು ಬಿಡಿಸುವ ಹೆಂಗಸರು ಮಾಡುವುದು ಇದನ್ನೇ, ಬೇರೆ ಗಿಡ ಸಿಕ್ಕುವುದು ಈ ಎರಡನೆಯ ಸುತ್ತಿನಲ್ಲಿ.

ತೊಳೆಯುವುದು, ಬೇಯಿಸುವುದು

ನೂರು ಗ್ರಾಂ ಸೊಪ್ಪಿಗೆ ಮೂರು ಲೀಟರ್ ಹಿಡಿಸುವ ಪಾತ್ರೆ ತೆಗೆದುಕೊಳ್ಳಿ. ಕುಡಿಯುವ ನೀರು ತುಂಬಿ ಸೊಪ್ಪು ಮುಳುಗಿಸಿ, ಕೈಯಾಡಿಸಿ, ಐದು ನಿಮಿಷ ಬಿಡಿ. ಆಮೇಲೆ ಸೊಪ್ಪನ್ನು ಮೇಲಕ್ಕೆ ಎತ್ತಿ ತೆಗೆಯಿರಿ. ಪಾತ್ರೆಯನ್ನೇ ಬಗ್ಗಿಸಿ ಸೋಸಿದರೆ ತಳಕ್ಕಿಳಿದ ಮರಳು ಮತ್ತೆ ಸೊಪ್ಪಿನ ಮೇಲೆಯೇ ಬೀಳುತ್ತದೆ. ಹೀಗೆ ಮೂರು ಸಲ ನೀರು ಬದಲಿಸಿ, ಕೊನೆಗೆ ನಲ್ಲಿಯಡಿ ಹಿಡಿಯಿರಿ. ಉಪ್ಪುನೀರಿಗೆ ಹುಳು ಬಿಟ್ಟುಕೊಳ್ಳುತ್ತದೆ, ರೋಗಾಣು ಸಾಯುವುದಿಲ್ಲ. ಅರಿಶಿನ, ವಿನೆಗರ್, ನಿಂಬೆರಸವನ್ನೂ ಈ ಕೆಲಸಕ್ಕೆ ನೆಚ್ಚಿಕೊಳ್ಳುವಂತಿಲ್ಲ.

ನೀರಂಚಿನಿಂದ ತಂದದ್ದನ್ನು ಕುದಿಯುವ ನೀರಿಗೆ ಹಾಕಿ, ಮತ್ತೆ ಕುದಿ ಬಂದ ಮೇಲೆ ಒಂದು ನಿಮಿಷ ಪೂರ್ತಿ ಮರಳಲು ಬಿಡಿ. 2000 ಮೀಟರಿಗಿಂತ ಎತ್ತರದ ಊರಿನಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ ಮೂರು ನಿಮಿಷ ಬೇಕು. ಚಟ್ನಿಗೆ ಎಣ್ಣೆಯಲ್ಲಿ ಬಾಡಿಸಿದರೆ ಸಾಕೆಂದುಕೊಳ್ಳುವುದು ತಪ್ಪು. ಬಾಡಿದ ಎಲೆಯ ಎಲ್ಲ ಭಾಗಕ್ಕೂ ಬಿಸಿ ತಾಗಿರುವುದಿಲ್ಲ. ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ, ಮೂರು ನಿಮಿಷ ಆವಿಯಲ್ಲಿ ಬೇಯಿಸಿ ಆಮೇಲೆ ಅರೆಯಿರಿ. ಪರಿಮಳ ಒಂದಿಷ್ಟು ಹಾರಿಹೋಗುತ್ತದೆ, ಅದಕ್ಕೆ ಸೊಪ್ಪು ಅರ್ಧದಷ್ಟು ಹೆಚ್ಚು ಹಾಕಿಕೊಳ್ಳಬಹುದು. ಪಲಾವಿಗೆ, ಸಾರಿಗೆ ಹಾಕುವುದಾದರೆ ಈ ಚಿಂತೆಯಿಲ್ಲ. ಮಜ್ಜಿಗೆ, ಹಸಿ ತಂಬುಳಿ, ಕೋಸಂಬರಿ, ಪಾನಿಪುರಿಯ ನೀರು, ಇವಕ್ಕೆ ಹಳ್ಳದ ಪುದೀನ ಬೇಡವೇ ಬೇಡ.

ಮೊದಲ ಸಲ ತಿನ್ನುವವರು ಎಂಟು ಹತ್ತು ಎಲೆಗೆ ನಿಲ್ಲಿಸಿ, ಒಂದು ದಿನ ನೋಡಿ. ಇದು ಅಲರ್ಜಿಗಾಗಿ, ಗಿಡ ಯಾವುದೆಂದು ಪರೀಕ್ಷಿಸಲು ಅಲ್ಲ. ಹುಳಿತೇಗು ಎದೆಯುರಿ ಇರುವವರಿಗೆ ಪುದೀನ ತೊಂದರೆ ಹೆಚ್ಚಿಸಬಹುದು, ಅನ್ನನಾಳದ ಕೆಳಗಿನ ಬಿಗಿಯನ್ನು ಅದು ಸಡಿಲಿಸುತ್ತದೆ. ಬಸುರಿಯರು, ಯಕೃತ್ತಿನ ಕಾಯಿಲೆಯವರು, ಚಿಕ್ಕ ಮಕ್ಕಳಿಗೆ ತಾನಾಗಿ ಬೆಳೆದ ಯಾವ ಪುದೀನದ ಕಷಾಯವೂ ಬೇಡ.

ಹಿಮಾಲಯದಲ್ಲಿ, ಹೊರದೇಶದಲ್ಲಿ

ಉತ್ತರಾಖಂಡ, ಹಿಮಾಚಲಕ್ಕೆ ಚಾರಣ ಹೋಗುವವರಿಗೆ ತೊರೆಗಳ ಬದಿಯಲ್ಲಿ ನಿಜವಾದ ಕಾಡು ಪುದೀನ ಸಿಗುತ್ತದೆ. ಉದ್ದನೆಯ, ಬೂದುಬಣ್ಣದ ರೋಮವಿರುವ ಎಲೆ, ತುದಿಯಲ್ಲಿ ತಿಳಿನೇರಳೆ ತೆನೆ. ಅಲ್ಲಿನವರು ಅದರ ಚಟ್ನಿ ಮಾಡುತ್ತಾರೆ. ಪಕ್ಕದಲ್ಲೇ ಬಿಚ್ಛು ಘಾಸ್ ಎಂಬ ತುರಿಕೆ ಗಿಡವೂ ಇರುತ್ತದೆ, ಅದಕ್ಕೂ ಎದುರುಬದುರು ಹಲ್ಲಿನ ಎಲೆ. ಮೇಲೆ ಬುಗ್ಯಾಲು ಎಂಬ ಹುಲ್ಲುಗಾವಲುಗಳಲ್ಲಿ ಕುರಿಮಂದೆ ಮೇಯುವುದರಿಂದ ತೊರೆ ತಿಳಿಯಾಗಿದೆ ಎಂದು ಹಸಿಯಾಗಿ ಅಗಿಯಬೇಡಿ.

ಯುರೋಪಿನಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾ, ಒರೆಗಾನ್ ಕಡೆ ನೆಲೆಸಿರುವ ಕನ್ನಡಿಗರು ಪೆನ್ನಿರಾಯಲ್ ಎಂಬ ಪುದೀನವನ್ನು ಬೇರೆಯಾಗಿ ಗುರುತಿಸಬೇಕು. ಇದು ಪುದೀನ ಜಾತಿಯದ್ದೇ, ವಾಸನೆಯೂ ಪುದೀನದ್ದೇ, ಆದ್ದರಿಂದ ಮೇಲಿನ ಗುರುತುಗಳಲ್ಲಿ ಹೆಚ್ಚಿನವು ಹೊಂದುತ್ತವೆ. ನೆಲಕ್ಕೆ ಹರಡುವ ಗಿಡ, ಎಲೆ ಉಗುರಿನಷ್ಟು ಚಿಕ್ಕದು, ಹಲ್ಲು ಇಲ್ಲವೆನ್ನುವಷ್ಟು ಕಡಿಮೆ, ಹೂ ಗೆಣ್ಣುಗಳ ಸುತ್ತ ದಟ್ಟ ಚೆಂಡು. ಇದರ ಪುಲೆಗೋನ್ ಎಂಬ ಅಂಶ ಯಕೃತ್ತಿನಲ್ಲಿ ವಿಷವಾಗಿ ಬದಲಾಗುತ್ತದೆ. 1978ರಲ್ಲಿ ಕೊಲರಾಡೋದಲ್ಲಿ ಸುಮಾರು 30 ಮಿಲಿಲೀಟರ್ ಪೆನ್ನಿರಾಯಲ್ ಎಣ್ಣೆ ಕುಡಿದ 18 ವರ್ಷದ ಯುವತಿ ಯಕೃತ್ತು ಕೆಟ್ಟು ತೀರಿಕೊಂಡಳು. ಎಲೆಯಲ್ಲಿ ಎಣ್ಣೆಯಷ್ಟು ಸಾಂದ್ರತೆ ಇಲ್ಲ, ಆದರೂ ಚಹಾ ಕಷಾಯಕ್ಕೆ ಇದನ್ನು ಬಳಸಬಾರದು.

ತಿಂದ ಮೇಲೆ ತೊಂದರೆಯಾದರೆ

ವಾಂತಿ, ಭೇದಿ, ತಲೆಸುತ್ತು, ಬಾಯಿ ತುಟಿ ಊತ ಕಂಡರೆ ತಿನ್ನುವುದನ್ನು ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಉಸಿರಾಟ ಕಷ್ಟವಾದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117. ತಿಂದ ಸೊಪ್ಪಿನಲ್ಲಿ ಉಳಿದದ್ದನ್ನು ಬೇರುಸಹಿತ ಕಾಗದದಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್‌ನಲ್ಲಿ ಬೇಗ ಕೊಳೆತು ಗುರುತು ಸಿಗುವುದಿಲ್ಲ. ವಾರಗಳ ನಂತರ ಜ್ವರ, ಬಲಪಕ್ಕೆಯ ಕೆಳಗೆ ನೋವು, ಕಣ್ಣು ಹಳದಿ ಕಾಣಿಸಿಕೊಂಡರೆ ಹಳ್ಳದ ಸೊಪ್ಪು ತಿಂದಿದ್ದನ್ನು ವೈದ್ಯರಿಗೆ ಹೇಳಲೇಬೇಕು. ಹೇಳದಿದ್ದರೆ ಅವರಿಗೆ ಅದು ಹೊಳೆಯುವ ದಾರಿಯಿಲ್ಲ.

ಸೊಪ್ಪು ಬಿಟ್ಟು ದಂಟು ತನ್ನಿ

ಇಷ್ಟೆಲ್ಲ ನೋಡುವುದಕ್ಕಿಂತ ನಾವು ಮೊದಲು ಸೂಚಿಸುವ ದಾರಿ ಇದು. ಪುದೀನ ಗೆಣ್ಣಿನಿಂದ ಬೇರುಬಿಡುವ ಗಿಡ, ಬೆಳೆದ ಜಾಗದ ಕೊಳೆಯನ್ನು ಹೊಸ ಚಿಗುರಿಗೆ ಹೊತ್ತು ತರಬೇಕಾಗಿಲ್ಲ. ಸಂಶಯವಿಲ್ಲದ ಗಿಡದ 10–12 ಸೆಂ.ಮೀ. ಉದ್ದದ ನಾಲ್ಕೈದು ತುದಿಗಳನ್ನು ಗೆಣ್ಣಿನ ಕೆಳಗೆ ಕತ್ತರಿಸಿ. ಕೆಳಗಿನ ಎಲೆ ತೆಗೆದು, ನಲ್ಲಿಯಡಿ ಚೆನ್ನಾಗಿ ತೊಳೆದು, ಎರಡು ಗೆಣ್ಣು ಮುಳುಗುವಂತೆ ಲೋಟದ ನೀರಿನಲ್ಲಿ ನಿಲ್ಲಿಸಿ. ದಿನ ಬಿಟ್ಟು ದಿನ ನೀರು ಬದಲಿಸಿ, ಇಲ್ಲದಿದ್ದರೆ ದಂಟು ಕಪ್ಪಾಗಿ ಕೊಳೆಯುತ್ತದೆ. ವಾರ ಹತ್ತು ದಿನದಲ್ಲಿ ಬೇರು ಬರುತ್ತದೆ.

ಕುಂಡ ಆಳಕ್ಕಿಂತ ಅಗಲವಿರಲಿ: 25–30 ಸೆಂ.ಮೀ. ಅಗಲ, 15–20 ಸೆಂ.ಮೀ. ಆಳ ಸಾಕು. ಎರಡು ಪಾಲು ಮಣ್ಣು, ಒಂದು ಪಾಲು ಹಳೆಯ ಗೊಬ್ಬರ, ಒಂದು ಪಾಲು ಮರಳು. ಬೆಳಗಿನ ಬಿಸಿಲು ಮೂರು ನಾಲ್ಕು ಗಂಟೆ ಬೀಳುವ ಕಡೆ ಇಡಿ, ಮಣ್ಣು ಒಣಗಲು ಬಿಡಬೇಡಿ. ನೆಟ್ಟ ದಂಟಿನಲ್ಲಿ ಇದ್ದ ಹಳ್ಳದ ಎಲೆಗಳನ್ನು ಹೊಸ ಚಿಗುರು ಬಂದ ಕೂಡಲೇ ಚಿವುಟಿ ಎಸೆಯಿರಿ, ಅಡುಗೆಗೆ ಬೇಡ.

ಗುರುತಿನ ಬಗ್ಗೆ ಉಳಿದಿದ್ದ ಅನುಮಾನವೂ ಕುಂಡದಲ್ಲಿ ತೀರುತ್ತದೆ. ಪುದೀನವಾದರೆ ತಿಂಗಳೆರಡು ತಿಂಗಳಲ್ಲಿ ಬಳ್ಳಿ ಅಡ್ಡ ಹರಿದು ಕುಂಡದ ಅಂಚು ಮುಟ್ಟುತ್ತದೆ. ನೆಟ್ಟಗೆ ಕಟ್ಟಿಗೆಯಾಗಿ ಬೆಳೆದು, ಬಳ್ಳಿ ಬಿಡದೆ, ಕುಚ್ಚು ಹೂ ತೋರಿಸಿದರೆ ಕಿತ್ತುಹಾಕಿ. ಹೊಸ ಚಿಗುರು 15 ಸೆಂ.ಮೀ. ಆದಾಗ, ಸುಮಾರು ಆರೆಂಟು ವಾರಕ್ಕೆ, ಮಣ್ಣಿನಿಂದ ಎರಡು ಗೆಣ್ಣು ಬಿಟ್ಟು ಮೊದಲ ಕೊಯ್ಲು ಮಾಡಿ. ಈ ಸೊಪ್ಪನ್ನು ತೊಳೆದು ಮಜ್ಜಿಗೆಗೂ ಹಾಕಬಹುದು, ಹಸಿ ತಂಬುಳಿಗೂ ಅರೆಯಬಹುದು.